ಹಿಮಕ್ಕೊಂದು ಇಳಿಜಾರು

ಅಪ್ಪಯ್ಯ ಹೊಸ ತೋಟಕ್ಕೆ ಜಾಗ ಹುಡುಕುತ್ತಿದ್ದ ವರ್ಷ ನನಗೆ ಹತ್ತು ತುಂಬಿತ್ತು. ಶಿರಸಿ ಸೀಮೆಯಲ್ಲಿ ಕಣಿವೆಗಳಿಗೆ ಬರವಿಲ್ಲ. ಆದರೂ ಅವರು ಒಂದೇ ಕಣಿವೆಗೆ ಮೂರು ಹೊತ್ತು ಹೋಗುತ್ತಿದ್ದರು. ಬೆಳಿಗ್ಗೆ ಒಮ್ಮೆ, ನೆತ್ತಿ ಸುಡುವ ಹೊತ್ತಿಗೆ ಒಮ್ಮೆ, ಸಂಜೆ ನಾಲ್ಕರ ಬಿಸಿಲಿಗೆ ಇನ್ನೊಮ್ಮೆ. ಒಂದು ದಿನ ನನ್ನನ್ನೂ ಕರೆದುಕೊಂಡು ಹೋದರು. ‘ಅಪ್ಪಯ್ಯ, ಒಂದೇ ಜಾಗವನ್ನು ಎಷ್ಟು ಸಲ ನೋಡುವುದು?’ ಎಂದು ಕೇಳಿದೆ. ‘ಪಡುವಣ ಬಿಸಿಲು ನೇರ ತಾಗಿದರೆ ಅಡಿಕೆ ಮರದ ಕಾಂಡ ಸುಡುತ್ತದೆ ಮಗಾ. ಬೆಳಿಗ್ಗೆ ಮಾತ್ರ ನೋಡಿ ಹೋದವನಿಗೆ ಸಂಜೆಯ ಬಿಸಿಲು ಕಾಣುವುದಿಲ್ಲ’ ಎಂದರು. ಆಮೇಲೆ ಒಂದೊಂದೇ ಬೆರಳು ಮಡಚಿ ಹೇಳಿದರು: ನೀರು ಎಲ್ಲಿಂದ ಬರುತ್ತದೆ, ಇಳಿಜಾರು ಯಾವ ಮುಖಕ್ಕಿದೆ, ನೆಲ ಗಟ್ಟಿಯೋ ಕುಸಿಯುವಂಥದ್ದೋ, ನಮ್ಮ ಕೈಲಾಗುವಷ್ಟೇ ಇದೆಯೋ, ನೆರೆಯವರು ಎಂಥವರು. ಈ ಐದನ್ನು ನೋಡಿದ ಮೇಲೇ ಹಣದ ಮಾತು.

ಆ ಐದು ಬೆರಳು ನನಗೆ ಮತ್ತೆ ಬೇಕಾದದ್ದು 2023ರ ಡಿಸೆಂಬರಿನಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಒಂದು ರಾತ್ರಿ ಫೋನು ಮಾಡಿದಳು. ‘ಅಮ್ಮಾ, ಈ ಚಳಿಗಾಲಕ್ಕೆ ಹಿಮದ ಊರಿಗೆ ಹೋಗೋಣ. ಬರೀ ನೋಡಿ, ಫೋಟೋ ತೆಗೆಸಿಕೊಂಡು ಬರೋದು ಬೇಡ. ಒಂದು ವಾರ ಇದ್ದು ಸ್ಕೀಯಿಂಗ್ ಕಲಿಯೋಣ. ಊರು ಯಾವುದು ಅಂತ ನೀನೇ ಆರಿಸು.’ ಸೋಲಾಂಗ್, ಔಲಿ, ಗುಲ್ಮಾರ್ಗ್ ಎಂದು ಮೂರು ಹೆಸರನ್ನೂ ಅವಳೇ ಕೊಟ್ಟಳು. ನಮ್ಮ ಯಜಮಾನರಿಗೆ ಮೊಣಕಾಲಿನ ನೋವು. ಅವರು ಕಲಿಯುವುದಿಲ್ಲ, ಆದರೆ ಜೊತೆಗೆ ಬರುತ್ತಾರೆ. ನನಗೆ ಐವತ್ತನಾಲ್ಕು. ಹಿಮವನ್ನು ಅದುವರೆಗೆ ಮುಟ್ಟಿರಲಿಲ್ಲ.

ಹಿಮ ಎನ್ನುವುದಕ್ಕೆ ನಮ್ಮ ಮನೆಮಾತಿನಲ್ಲಿ ಸರಿಯಾದ ಒಂದು ಪದವೂ ಇಲ್ಲ ಎಂಬುದು ಆ ದಿನಗಳಲ್ಲಿ ನನ್ನ ಗಮನಕ್ಕೆ ಬಂತು. ಹುಲ್ಲಿನ ತುದಿಯ ಹನಿಗೆ ಇಬ್ಬನಿ ಎನ್ನುತ್ತೇವೆ, ಏಪ್ರಿಲಿನ ಮಳೆಯ ಜೊತೆ ಬೀಳುವುದಕ್ಕೆ ಆಲಿಕಲ್ಲು ಎನ್ನುತ್ತೇವೆ. ದೇವಿಮನೆ ಘಟ್ಟದಲ್ಲಿ ದಾರಿ ಮುಚ್ಚುವುದೂ ಮಂಜು, ಬದರಿಯ ಬೆಟ್ಟದ ಮೇಲೆ ಕೂತದ್ದೂ ಮಂಜು. ಕಾಶ್ಮೀರಿ ಭಾಷೆಯಲ್ಲಿ ಅದಕ್ಕೆ ‘ಶೀನ್’ ಎನ್ನುತ್ತಾರೆ. ವರ್ಷದ ಮೊದಲ ಹಿಮ ಬಿದ್ದ ದಿನ ಒಬ್ಬರಿಗೊಬ್ಬರು ‘ಶೀನ್ ಮುಬಾರಕ್’ ಎಂದು ಶುಭಾಶಯ ಹೇಳಿಕೊಳ್ಳುತ್ತಾರೆ. ಬದುಕಿನ ಒಳಗೆ ಇರುವ ವಸ್ತುವಿಗೆ ಮಾತ್ರ ಇಂಥ ಮಾತು ಹುಟ್ಟುತ್ತದೆ. ನಮಗೆ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಗೆ ನಕ್ಷತ್ರದ ಹೆಸರುಗಳಿವೆಯಲ್ಲ, ಹಾಗೆ ಅವರ ಚಳಿಗೂ ಹೆಸರಿದೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಅದರ ಹಿಂದೆ ಇಪ್ಪತ್ತು ದಿನ ಚಿಲ್ಲೈ ಖುರ್ದ್. ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ, ಮರಿ ಚಳಿ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂತು ಬೇಸಿಗೆಯವರೆಗೆ ತೊರೆಗಳಿಗೆ ನೀರು ಕೊಡುತ್ತದೆ. ಪುನರ್ವಸು ಕೈಕೊಟ್ಟರೆ ನಮ್ಮ ಗದ್ದೆಗಳಿಗೆ ಆಗುವ ಗತಿಯೇ ಚಿಲ್ಲೈ ಕಲಾನ್ ಒಣಗಿದರೆ ಅಲ್ಲಿಯ ಗದ್ದೆ, ಸೇಬಿನ ತೋಟಗಳಿಗೆ.

ಹಾಗಾಗಿ ನಾನು ಮೊದಲು ಮಡಚಿದ್ದು ನೀರಿನ ಬೆರಳು. ನಮ್ಮ ಮಳೆ ಅರಬ್ಬೀ ಸಮುದ್ರದಿಂದ ನೈಋತ್ಯದ ಗಾಳಿ ಹೊತ್ತು ತರುವಂಥದ್ದು. ಹಿಮಾಲಯದ ಚಳಿಗಾಲದ ಹಿಮ ಬರುವ ದಾರಿ ಬೇರೆ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿದ ವಾಯುಭಾರ ಕುಸಿತಗಳು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಬಂದು ನಮ್ಮ ಉತ್ತರದ ಬೆಟ್ಟಗಳಿಗೆ ಡಿಕ್ಕಿ ಹೊಡೆಯುತ್ತವೆ. ಹವಾಮಾನದವರು ಇವುಗಳನ್ನು ಪಶ್ಚಿಮದ ಪ್ರಕ್ಷುಬ್ಧತೆ ಎನ್ನುತ್ತಾರೆ. ಪಶ್ಚಿಮದಿಂದ ಬರುವ ಗಾಳಿ ಮೊದಲು ತಟ್ಟುವ ಬಾಗಿಲು ಕಾಶ್ಮೀರದ್ದು. ಗುಲ್ಮಾರ್ಗ್ ಇರುವುದು ಪೀರ್ ಪಂಜಾಲ್ ಸಾಲಿನ ಮಡಿಲಲ್ಲಿ. ಹಿಮಾಚಲದ ಸೋಲಾಂಗ್ ಅದಕ್ಕಿಂತ ಪೂರ್ವಕ್ಕಿದೆ, ಉತ್ತರಾಖಂಡದ ಔಲಿ ಇನ್ನೂ ಪೂರ್ವಕ್ಕೆ. ಪೂರ್ವಕ್ಕೆ ಹೋದಷ್ಟೂ ಗಾಳಿಯ ಚೀಲ ಹಗುರಾಗುತ್ತದೆ. ಘಟ್ಟದ ನೆತ್ತಿಯಲ್ಲಿ ಸುರಿದ ಮಳೆ ಮುಂಡಗೋಡು ತಲುಪುವಾಗ ತುಂತುರಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಇಳಿಜಾರಿನ ಮುಖ ಮತ್ತು ಎತ್ತರ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನ ಹಿಮ ಹಗಲಲ್ಲಿ ಕರಗಿ, ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಕಾಲು ಊರುವುದು ಕಲಿಯುವವರಿಗೆ ಕಷ್ಟ. ಉತ್ತರದ ಮುಖದಲ್ಲಿ ಹಿಮ ಪುಡಿಪುಡಿಯಾಗಿ ಹೆಚ್ಚು ದಿನ ಉಳಿಯುತ್ತದೆ. ಎತ್ತರದ ವಿಷಯಕ್ಕೆ ಬಂದರೆ, ಗುಲ್ಮಾರ್ಗದ ಬಟ್ಟಲಿನಂಥ ಬಯಲೇ ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಮೇಲಿದೆ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಊಟಿಯ ದೊಡ್ಡಬೆಟ್ಟದ ತುದಿ 2,637 ಮೀಟರ್. ಅಂದರೆ ದೊಡ್ಡಬೆಟ್ಟದ ನೆತ್ತಿಯಷ್ಟು ಎತ್ತರದಲ್ಲಿ ಅಲ್ಲಿ ಮಕ್ಕಳು ಜಾರುವ ಬಯಲು ಶುರುವಾಗುತ್ತದೆ. ಅಲ್ಲಿಂದ ಗೊಂಡೋಲಾ ಎಂಬ ತೂಗುತೊಟ್ಟಿಲು ಎರಡು ಹಂತದಲ್ಲಿ ಮೇಲೇರುತ್ತದೆ. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್ದೂರಿಗೆ, ಸುಮಾರು 3,100 ಮೀಟರಿಗೆ. 2005ರಲ್ಲಿ ಬಂದ ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ.

ಇಲ್ಲಿ ಹೊಸಬರು ಎಡವುವುದುಂಟು. ‘ಹೆಚ್ಚು ಎತ್ತರ’ ಎಂಬ ಮಾತು ಕೇಳಿದ ಕೂಡಲೇ ಅದೇ ಒಳ್ಳೆಯ ಜಾಗ ಎಂದುಕೊಳ್ಳುತ್ತೇವೆ. ಮೇಲಿನ ಹಂತ ಬಹುಮಟ್ಟಿಗೆ ಪಳಗಿದವರದು. ಅಲ್ಲಿ ಹದ ಮಾಡಿದ ದಾರಿಗಳಿಲ್ಲ. ಗಾಳಿ ಒಟ್ಟಿದ ಹಿಮ, ಅದರ ಕೆಳಗೆ ಏನಿದೆಯೆಂದು ತಿಳಿಯದ ಪದರ, ಹಿಮಕುಸಿತದ ಭಯ. ಜಗತ್ತಿನ ಮೂಲೆಮೂಲೆಯಿಂದ ಸ್ಕೀಯಿಂಗ್ ಬಲ್ಲವರು ಅಫರ್ವತ್ತಿಗೆ ಬರುವುದು ಆ ಪಳಗದ ಇಳಿಜಾರಿಗಾಗಿಯೇ. 2023ರ ಫೆಬ್ರುವರಿಯಲ್ಲಿ ಅಲ್ಲಿ ಪೋಲೆಂಡಿನ ಇಬ್ಬರು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡಿದ್ದರು. ಅವರೇನೂ ಅರಿಯದವರಲ್ಲ. ಕಲಿಯಲು ಹೋಗುವವರಿಗೆ ಬೇಕಾದದ್ದು ಮನೆಯ ಅಂಗಳದಿಂದ ತೋಟಕ್ಕಿಳಿಯುವ ದರೆಯಷ್ಟು ಇಳಿಜಾರು, ಅಷ್ಟೇ. ಕೈಲಾಗುವಷ್ಟೇ ಎಂಬ ಅಪ್ಪಯ್ಯನ ಬೆರಳು ಇಲ್ಲಿ ಮಡಚಿತು.

ಸೋಲಾಂಗ್ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಮನಾಲಿಯ ಪಕ್ಕದ ಚೆಲುವಾದ ಕಣಿವೆ ಅದು. 1961ರಲ್ಲಿ ಶುರುವಾದ ಮನಾಲಿಯ ಪರ್ವತಾರೋಹಣ ಸಂಸ್ಥೆ ಅಲ್ಲಿ ಸ್ಕೀಯಿಂಗ್ ಕಲಿಸುತ್ತದೆ. 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಕಡೆಗೆ ಹೋಗಿ ಹಿಮ ನೋಡಿ ಬರಬಹುದು. ಆದರೆ ಆ ಸುರಂಗದ ದಾರಿಯಲ್ಲಿ ಚಳಿಗಾಲದ ರಜೆಗಳಲ್ಲಿ ನಿಲ್ಲುವ ವಾಹನಗಳ ಸಾಲು ಮೈಲಿಗಟ್ಟಲೆ. ಕಲಿಯುವವರಿಗೆ ಬೇಕಾದ ಬಿಡುವು ಅಲ್ಲಿಲ್ಲ ಎನಿಸಿತು.

ಔಲಿಯನ್ನು ಮಾತ್ರ ಸುಲಭವಾಗಿ ಬಿಡಲಾಗಲಿಲ್ಲ. ನನ್ನ ಮನಸ್ಸು ಮೊದಲು ಹೋದದ್ದೇ ಅಲ್ಲಿಗೆ. ಔಲಿಯ ಇಳಿಜಾರಿನಲ್ಲಿ ನಿಂತರೆ 7,816 ಮೀಟರಿನ ನಂದಾದೇವಿ ಎದುರಿಗೇ ಕಾಣುತ್ತದೆ. ಸುಮಾರು ಮೂರು ಕಿಲೋಮೀಟರಿನ ಇಳಿಜಾರು, ಸುತ್ತ ದೇವದಾರು, ಓಕ್ ಮರಗಳು. ಗಢ್ವಾಲ್ ಮಂಡಲ ವಿಕಾಸ ನಿಗಮ ಅಲ್ಲಿ ಏಳು ದಿನ, ಹದಿನಾಲ್ಕು ದಿನದ ತರಬೇತಿ ನಡೆಸುತ್ತದೆ. 2011ರಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡಾಕೂಟ ನಡೆದ ನೆಲವದು. ಅದಕ್ಕಿಂತ ಮುಖ್ಯವಾಗಿ, ಔಲಿಯ ಬುಡದಲ್ಲಿರುವುದು ಜೋಶಿಮಠ. ನಾವು ಮಲೆನಾಡಿನವರು ಶೃಂಗೇರಿಗೆ ಹೋಗುತ್ತಲೇ ಬೆಳೆದವರು. ಶಂಕರಾಚಾರ್ಯರು ದಕ್ಷಿಣಕ್ಕೆ ಶೃಂಗೇರಿಯನ್ನು ಕೊಟ್ಟಂತೆ ಉತ್ತರಕ್ಕೆ ಕೊಟ್ಟ ಪೀಠ ಅದು. ಬದರಿಯ ಗುಡಿ ಚಳಿಗಾಲಕ್ಕೆ ಬಾಗಿಲು ಹಾಕಿದಾಗ ಶಂಕರಾಚಾರ್ಯರ ಗದ್ದುಗೆ ಜೋಶಿಮಠದ ನರಸಿಂಹ ಗುಡಿಗೆ ಇಳಿದು ಬರುತ್ತದೆ. ತುಂಗೆಯ ದಡದಿಂದ ಅಲಕನಂದೆಯ ಕಣಿವೆಗೆ ಒಂದು ಎಳೆ ಇದ್ದೇ ಇದೆ.

ಆದರೆ ಮೂರನೆಯ ಬೆರಳು ನೆಲದ್ದು. ಒಂದು ವರ್ಷದ ಹಿಂದೆ, 2023ರ ಜನವರಿಯ ಮೊದಲ ವಾರ, ಜೋಶಿಮಠದ ನೆಲ ಬಾಯಿಬಿಟ್ಟಿತ್ತು. ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು. ಜನ ರಾತ್ರೋರಾತ್ರಿ ಹಾಸಿಗೆ ಸುತ್ತಿಕೊಂಡು ಮನೆ ಬಿಟ್ಟರು. ಊರಿನಿಂದ ಔಲಿಗೆ ಏರುವ ಸುಮಾರು ನಾಲ್ಕು ಕಿಲೋಮೀಟರಿನ ರೋಪ್‌ವೇ ನಿಂತುಹೋಯಿತು. ಆ ಊರು ಕೂತಿರುವುದು ಗಟ್ಟಿ ಬಂಡೆಯ ಮೇಲಲ್ಲ. ಎಂದೋ ಕುಸಿದು ಬಂದ ಗುಡ್ಡದ ಮಣ್ಣು ಕಲ್ಲಿನ ರಾಶಿಯ ಮೇಲೆ. ಇಲ್ಲಿ ಭಾರದ ಕಟ್ಟಡ ಬೇಡ, ಮರ ಕಡಿಯಬೇಡಿ, ಬಂಡೆ ಸಿಡಿಸಬೇಡಿ ಎಂದು ಮಿಶ್ರಾ ಸಮಿತಿ 1976ರಲ್ಲೇ ವರದಿ ಕೊಟ್ಟಿತ್ತು. ವರದಿ ಕಪಾಟಿನಲ್ಲಿ ಉಳಿಯಿತು, ಮಹಡಿಯ ಮೇಲೆ ಮಹಡಿ ಏರಿತು. ಚರಂಡಿಯ ನೀರು, ಮಳೆಯ ನೀರು ಎಲ್ಲ ಆ ಸಡಿಲು ನೆಲದೊಳಕ್ಕೆ ಇಳಿಯಿತು.

ಬಸಿಗಾಲುವೆ ಇಲ್ಲದ ತೋಟ ಉಳಿಯುವುದಿಲ್ಲ ಎಂಬುದನ್ನು ನಮ್ಮ ಸೀಮೆಯಲ್ಲಿ ಶಾಲೆಗೆ ಹೋಗದವರೂ ಬಲ್ಲರು. ನೀರು ನಿಂತರೆ ಬೇರು ಕೊಳೆಯುತ್ತದೆ, ದರೆ ಜಾರುತ್ತದೆ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡಿದ್ದೆವು. ನಾವು ಹಿಮದ ಊರಿಗೆ ಹೋಗಿಬಂದ ವರ್ಷವೇ, 2024ರ ಜುಲೈ 16ರಂದು, ನಮ್ಮದೇ ಜಿಲ್ಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕತ್ತರಿಸಿದ ಗುಡ್ಡ ಕುಸಿದು ಮನೆ, ಲಾರಿ, ಜನ ಗಂಗಾವಳಿಯ ಪಾಲಾದರು. ಆ ಸುದ್ದಿ ಕೇಳಿದ ದಿನ ನನಗೆ ಜೋಶಿಮಠದ ಗೋಡೆಗಳ ಮೇಲಿನ ಬಿರುಕಿನ ಚಿತ್ರಗಳು ಮತ್ತೆ ಕಣ್ಣಿಗೆ ಬಂದವು. ಗುಡ್ಡದ ದುಃಖ ಎಲ್ಲ ಕಡೆಯೂ ಒಂದೇ.

ಔಲಿಗೆ ಯಾರೂ ಹೋಗಬಾರದು ಎಂದು ನಾನು ಹೇಳಲಾರೆ. ಅಲ್ಲಿಯ ಮಾರ್ಗದರ್ಶಕರು, ಚಹಾ ಅಂಗಡಿಯವರು, ಹೆಣ್ಣುಮಕ್ಕಳು ನೇಯ್ದ ಉಣ್ಣೆ ಟೋಪಿ ಮಾರುವವರು ಎಲ್ಲರ ವರ್ಷದ ಅನ್ನ ಚಳಿಗಾಲದ ಎರಡು ತಿಂಗಳಲ್ಲಿದೆ. ನೆಲ ಕುಸಿದದ್ದು ಅವರ ತಪ್ಪಿನಿಂದಲ್ಲ. ಆದರೆ ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಘಟ್ಟದ ದಾರಿ, ಇಡೀ ಹಗಲಿನ ಪಯಣ. ಯಜಮಾನರ ಮೊಣಕಾಲಿಗೆ ಅದು ಆಗದು. ಹಿಮವಿಲ್ಲದೆ ಸ್ಪರ್ಧೆಗಳು ರದ್ದಾದ ವರ್ಷಗಳೂ ಔಲಿಗೆ ಇವೆ. ಗಾಯ ಮಾಯದ ನೆಲಕ್ಕೆ ಮರುವರ್ಷವೇ ರಜೆ ಕಳೆಯಲು ಹೋಗಲು ನನ್ನ ಮನಸ್ಸೂ ಒಪ್ಪಲಿಲ್ಲ. ಎಲ್ಲ ಸೇರಿ ತೂಕ ಗುಲ್ಮಾರ್ಗದ ಕಡೆ ವಾಲಿತು.

ಜನವರಿಯ ಮೂರನೇ ವಾರಕ್ಕೆಂದು ಕೋಣೆ ಕಾದಿರಿಸಿದೆವು. ಆದರೆ ಆ ಜನವರಿಯಲ್ಲಿ ಬಹುಕಾಲ ಪಶ್ಚಿಮದ ಗಾಳಿ ಬರಲೇ ಇಲ್ಲ. ಪತ್ರಿಕೆಗಳಲ್ಲಿ ಗುಲ್ಮಾರ್ಗದ ಚಿತ್ರ ನೋಡಿದರೆ ಒಣ ಹುಲ್ಲು, ಕಂದು ನೆಲ, ನಡುವೆ ಸುಮ್ಮನೆ ನಿಂತ ಕುದುರೆಗಳು. ಚಿಲ್ಲೈ ಕಲಾನ್ ನಡುವಿಗೆ ಬಂದರೂ ಆ ಊರಿನಲ್ಲಿ ನೆಲ ಮುಚ್ಚುವಷ್ಟು ಹಿಮ ನಿಂತಿರಲಿಲ್ಲ. ಮಗಳು ಬೇಸರಪಟ್ಟಳು. ನಾವು ಇಳಿದುಕೊಳ್ಳಬೇಕಿದ್ದ ಅತಿಥಿಗೃಹದವರು ತಾವಾಗಿಯೇ ಫೋನು ಮಾಡಿ, ‘ಈಗ ಬರಬೇಡಿ ಮೇಡಮ್. ಬಂದರೆ ನಮಗೆ ಹಣ ಬರುತ್ತದೆ, ನಿಮಗೆ ಹಿಮ ಸಿಗುವುದಿಲ್ಲ. ಬಿದ್ದ ದಿನ ನಾನೇ ತಿಳಿಸುತ್ತೇನೆ’ ಎಂದರು. ನೆರೆಯವರು ಎಂಥವರು ಎಂಬ ಐದನೆಯ ಪ್ರಶ್ನೆಗೆ ಉತ್ತರ ನಾವು ಊರು ಬಿಡುವ ಮೊದಲೇ ಸಿಕ್ಕಿತು. ಜನವರಿಯ ಕೊನೆಯ ದಿನಗಳಲ್ಲಿ ಹಿಮ ಶುರುವಾಯಿತು. ಫೆಬ್ರುವರಿಯ ಮೊದಲ ವಾರ ಚೆನ್ನಾಗಿ ಬಿತ್ತು. ನಾವು ಎರಡನೆಯ ವಾರಕ್ಕೆ ಹೊರಟೆವು. ದಿನಾಂಕ ಬದಲಿಸಲು ಸ್ವಲ್ಪ ಹಣ ಹೋಯಿತು; ಆ ಹಣ ಸಾರ್ಥಕವಾಯಿತು.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು ಐವತ್ತು ಕಿಲೋಮೀಟರ್. ತಂಗ್ಮಾರ್ಗ್ ಎಂಬಲ್ಲಿ ಬಯಲು ಮುಗಿದು ಘಟ್ಟ ಶುರುವಾಗುತ್ತದೆ. ಹಿಮ ಇರುವಾಗ ಮಾಮೂಲಿ ಕಾರನ್ನು ಅಲ್ಲೇ ನಿಲ್ಲಿಸಿ, ಗಾಲಿಗೆ ಕಬ್ಬಿಣದ ಸರಪಳಿ ಕಟ್ಟಿದ ಗಾಡಿ ಹತ್ತಬೇಕು. ದೇವದಾರು ಕೊಂಬೆಗಳ ಮೇಲೆ ಹಿಮ ಕೂತಿತ್ತು. ಕೊಂಬೆ ಭಾರಕ್ಕೆ ಬಾಗಿ, ಆಗಾಗ ಒಂದು ಮುದ್ದೆ ಸದ್ದಿಲ್ಲದೆ ಜಾರಿ ಬೀಳುತ್ತಿತ್ತು. ನಮ್ಮ ಕಾಡಿನ ಮಳೆಗೆ ಸದ್ದಿದೆ. ಎಲೆಗೆ ಎಲೆ ತಾಗಿ ಇಡೀ ರಾತ್ರಿ ಮಾತಾಡುತ್ತದೆ. ಅಲ್ಲಿಯ ಕಾಡು ಮೌನ ಹೊದ್ದು ನಿಂತಿತ್ತು. ಯಜಮಾನರು ಗಾಡಿ ನಿಲ್ಲಿಸಲು ಹೇಳಿ, ಇಳಿದು, ಕೈಗವಸು ತೆಗೆದು ಬರಿಗೈಯಲ್ಲಿ ಒಂದು ಮುಷ್ಟಿ ಹಿಮ ಎತ್ತಿಕೊಂಡರು. ‘ಇಷ್ಟು ಹಗುರ ಅಂತ ಗೊತ್ತಿರಲಿಲ್ಲ’ ಎಂದರು. ಅರವತ್ತು ದಾಟಿದ ಮನುಷ್ಯನ ಮುಖದಲ್ಲಿ ಆ ಹೊತ್ತು ಕಂಡ ಬೆಳಕು ನನಗೆ ಈ ಪ್ರವಾಸದ ಮೊದಲ ಉಡುಗೊರೆ.

ಗುಲ್ಮಾರ್ಗ್ ಹಳೆಯ ಊರು. ಗೌರೀಮಾರ್ಗ ಎಂದಿದ್ದ ಹೆಸರನ್ನು ಹದಿನಾರನೆಯ ಶತಮಾನದ ಸುಲ್ತಾನ ಯೂಸುಫ್ ಶಾ ಚಕ್ ಗುಲ್ಮಾರ್ಗ್, ಅಂದರೆ ಹೂವಿನ ಬಯಲು ಎಂದು ಬದಲಿಸಿದನಂತೆ. ಬ್ರಿಟಿಷ್ ಸೇನೆಯ ಅಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀ ಕ್ಲಬ್ ಕಟ್ಟಿದರು. 1960ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯನ್ನು ಶುರುಮಾಡಿತು. ಬೇಸಿಗೆಯಲ್ಲಿ ಗಾಲ್ಫ್ ಆಡುವ ಏರಿಳಿತದ ಹುಲ್ಲುಗಾವಲೇ ಚಳಿಗಾಲದಲ್ಲಿ ಹೊಸಬರ ಪಾಠಶಾಲೆ. ನಾನು ಹುಡುಕುತ್ತಿದ್ದ ದರೆಯಷ್ಟು ಇಳಿಜಾರು ಅಲ್ಲಿ ಬೇಕಾದಷ್ಟಿತ್ತು.

ಕಲಿಸಲು ಬಂದವನು ತಂಗ್ಮಾರ್ಗಿನ ಇಪ್ಪತ್ತಾರರ ಹುಡುಗ. ನನ್ನನ್ನು ‘ಆಂಟೀಜಿ’ ಎಂದು, ಮಗಳನ್ನು ‘ದೀದಿ’ ಎಂದು ಕರೆದ. ಮೊದಲು ಬಾಡಿಗೆಯ ಅಂಗಡಿಗೆ ಕರೆದೊಯ್ದು ಬೂಟು ಆರಿಸಿದ. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ನಾನು ಎರಡು ಜೊತೆ ಕಾಲುಚೀಲ ಹಾಕಿದ್ದೆ. ಒಂದನ್ನು ಬಿಚ್ಚಿಸಿದ. ಬೂಟು ಸಡಿಲವಾದರೆ ಕಾಲು ಒಳಗೇ ತಿರುಗುತ್ತದೆ, ಬಿಗಿಯಾಗಿ ಕಟ್ಟಿ ರಕ್ತ ಓಡದಿದ್ದರೆ ಬೆರಳು ಮರಗಟ್ಟುತ್ತದೆ. ಉಣ್ಣೆಯ ಒಂದೇ ಜೊತೆ ಕಾಲುಚೀಲ ಸಾಕು ಎಂದ. ಹತ್ತಿಯ ಬಟ್ಟೆ ಮೈಗೆ ತಾಗಿರಬಾರದು, ಬೆವರಿಗೆ ಒದ್ದೆಯಾದರೆ ಅದೇ ಚಳಿ ಹಿಡಿಸುತ್ತದೆ ಎಂದ. ಕಪ್ಪು ಕನ್ನಡಕ ಇಲ್ಲದೆ ಹಿಮದ ಬಿಸಿಲಿಗೆ ಬರಬೇಡಿ, ಕಣ್ಣು ಉರಿಯುತ್ತದೆ ಎಂದ. ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ವಸ್ತುಗಳಿಗಿಂತ ಈ ಮೂರು ಮಾತು ನಮ್ಮನ್ನು ವಾರವಿಡೀ ಕಾಪಾಡಿದವು.

ಮೊದಲ ದಿನದ ಪಾಠ ಬೀಳುವುದು ಮತ್ತು ಏಳುವುದು. ಹಿಂದಕ್ಕೆ ಬೀಳಬಾರದು, ಪಕ್ಕಕ್ಕೆ ಕೂತಂತೆ ಬೀಳಬೇಕು. ಏಳುವ ಮೊದಲು ಕಾಲಿನ ಹಲಗೆಗಳನ್ನು ಇಳಿಜಾರಿಗೆ ಅಡ್ಡ ತಂದುಕೊಳ್ಳಬೇಕು. ಇಲ್ಲದಿದ್ದರೆ ಎದ್ದ ಕೂಡಲೇ ಮತ್ತೆ ಜಾರುತ್ತದೆ. ಎರಡನೆಯ ದಿನ ಹಲಗೆ ಕಟ್ಟಿಕೊಂಡೇ ಪಕ್ಕಪಕ್ಕಕ್ಕೆ ಹೆಜ್ಜೆಯಿಟ್ಟು ದಿಬ್ಬ ಹತ್ತುವುದು. ಮೂರನೆಯ ದಿನ ನಿಲ್ಲಿಸುವ ವಿದ್ಯೆ. ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಒಳಗಿನ ಅಂಚು ಹಿಮಕ್ಕೆ ಒತ್ತಬೇಕು. ಸ್ನೋ ಪ್ಲೋ ಎಂದು ಅವರು ಕರೆಯುವ ಆ ಭಂಗಿಯಲ್ಲಿ ಹಿಮ ಎರಡೂ ಕಡೆಗೆ ಸರಿದು ನಿಜವಾಗಿಯೂ ನೇಗಿಲು ಹೂಡಿದ ಸಾಲಿನಂತೆ ಕಾಣುತ್ತದೆ. ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸುವ ಈ ವಿದ್ಯೆಯ ಮೇಲೆ ನನಗೆ ಗೌರವ ಬಂತು.

ನಾಲ್ಕನೆಯ ಮಧ್ಯಾಹ್ನ ಸಣ್ಣ ದಿಬ್ಬದ ನೆತ್ತಿಯಿಂದ ಬುಡದವರೆಗೆ ಬೀಳದೆ ಇಳಿದೆ. ಐವತ್ತು ಅರವತ್ತು ಅಡಿ ಇದ್ದೀತು. ಗಾಳಿ ಕೆನ್ನೆಗೆ ತಾಗಿತು, ಹಲಗೆಯ ಕೆಳಗೆ ಹಿಮ ರೇಷ್ಮೆ ಹರಿದಂತೆ ಸದ್ದು ಮಾಡಿತು, ಬುಡದಲ್ಲಿ ನಾನಾಗಿ ನಿಂತೆ. ಮಗಳು ಮೇಲಿನಿಂದ ‘ಅಮ್ಮಾ!’ ಎಂದು ಕೂಗಿದಳು. ಅವಳಿಗೆ ನಡೆಯಲು ಕಲಿಸುವಾಗ ಅಂಗಳದ ಆ ತುದಿಯಲ್ಲಿ ನಿಂತು ಕೂಗುತ್ತಿದ್ದವಳು ನಾನು. ಈಗ ಕೂಗಿದವಳು ಅವಳು. ಹಿಮ ನೋಡಲು ಒಂದು ದಿನ ಸಾಕು. ಈ ಒಂದು ಕೂಗಿಗೆ ನಾಲ್ಕು ದಿನ ಬೇಕಾಯಿತು.

ನಮ್ಮ ಪಕ್ಕದ ದಿಬ್ಬದಲ್ಲಿ ಊರಿನ ಮಕ್ಕಳು ಆಡುತ್ತಿದ್ದರು. ನಮ್ಮ ಮಕ್ಕಳು ಅಡಿಕೆ ಹಾಳೆಯ ಮೇಲೆ ಕೂತು ಎಳೆದಾಡುವಂತೆ ಅವರು ಹಲಗೆಯ ಮೇಲೆ ಹಾರಿ ಹೋಗುತ್ತಿದ್ದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಹೋದ ಒಬ್ಬರೇ ಕ್ರೀಡಾಪಟು ಆರಿಫ್ ಖಾನ್ ಇದೇ ತಂಗ್ಮಾರ್ಗಿನವರು. ಜಯಂಟ್ ಸ್ಲಾಲಮ್‌ನಲ್ಲಿ 45ನೆಯ ಸ್ಥಾನ ಪಡೆದವರು. ಅವರ ಹೆಸರು ಹೇಳುವಾಗ ನಮ್ಮ ಹುಡುಗನ ಎದೆ ಉಬ್ಬಿತು. ನಾನೂ ಒಂದು ಹೆಸರು ಹೇಳಿದೆ. ಹಿಮವೇ ಬೀಳದ ನಮ್ಮ ಕೊಡಗಿನಲ್ಲಿ ಹುಟ್ಟಿದ ತೆಕ್ಕಡ ಭವಾನಿ ನಂಜುಂಡ ಹಿಮದ ಮೇಲಿನ ದೂರದ ಓಟದಲ್ಲಿ, ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ‘ಭವಾನಿ ದೀದಿ ನನಗೆ ಗೊತ್ತು’ ಎಂದ ಹುಡುಗ. ಕೊಡಗಿನ ಹೆಣ್ಣುಮಗಳ ಹೆಸರು ಪೀರ್ ಪಂಜಾಲಿನ ಮಡಿಲಲ್ಲಿ ಕೇಳಿದ ಆ ಗಳಿಗೆ ಬಹಳ ಸಂತೋಷ ಕೊಟ್ಟಿತು.

ಒಂದು ಬೆಳಿಗ್ಗೆ ಗೊಂಡೋಲಾದಲ್ಲಿ ಕೊಂಗ್ದೂರಿಯವರೆಗೆ ಹೋದೆವು. ಆಕಾಶ ತಿಳಿಯಾಗಿತ್ತು, ದೂರದಲ್ಲಿ 8,126 ಮೀಟರಿನ ನಂಗಾ ಪರ್ವತ ಕಂಡಿತು. ಇನ್ನೂ ಮೇಲೆ ಹೋಗಿ ಇಳಿಯುವ ಆಸೆ ಮಗಳಿಗಿತ್ತು. ಹುಡುಗ ತಲೆಯಾಡಿಸಿ, ‘ಈ ವರ್ಷ ಇಲ್ಲಿಯ ತನಕ, ಮುಂದಿನ ವರ್ಷ ಅಲ್ಲಿಗೆ’ ಎಂದ. ನಾವು ಊರಿಗೆ ಮರಳಿದ ಮೇಲೆ, ಫೆಬ್ರುವರಿ 22ರಂದು, ಖಿಲನ್‌ಮಾರ್ಗಿನ ಹತ್ತಿರ ಹಿಮ ಕುಸಿದು ರಷ್ಯಾದ ಒಬ್ಬರು ಜೀವ ಕಳೆದುಕೊಂಡರು. ಆ ಹುಡುಗನ ತಲೆಯಾಡಿಕೆಯ ಬೆಲೆ ನಮಗೆ ಆಗ ಪೂರ್ತಿ ತಿಳಿಯಿತು. ಬೇಡ ಎನ್ನಬಲ್ಲ ಗುರು ಸಿಗುವ ಊರು ಒಳ್ಳೆಯ ಊರು.

ಸಂಜೆ ಬುಖಾರಿಯ, ಅಂದರೆ ಕಟ್ಟಿಗೆ ಉರಿಯುವ ಕಬ್ಬಿಣದ ಒಲೆಯ ಸುತ್ತ ಕೂತು ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಕುಡಿಯುತ್ತಾ ಅತಿಥಿಗೃಹದವರು ಆ ಒಣ ಜನವರಿಯ ಕತೆ ಹೇಳಿದರು. ಬಾಡಿಗೆ ಅಂಗಡಿಯವರು ಬಾಗಿಲು ತೆರೆದು ಸುಮ್ಮನೆ ಕೂತಿದ್ದರು. ಮರದ ಜಾರುಬಂಡಿ ಎಳೆಯುವವರು ಬೆಳಿಗ್ಗೆ ಬಂದು, ಆಕಾಶ ನೋಡಿ, ಸಂಜೆ ಮನೆಗೆ ನಡೆಯುತ್ತಿದ್ದರು. ಕೊಳೆರೋಗ ಬಂದ ವರ್ಷ ನಮ್ಮಲ್ಲಿ ಕೊನೆ ಕೊಯ್ಯುವವರೂ ಅಡಿಕೆ ಸುಲಿಯುವವರೂ ಹೀಗೇ ಕೂರುತ್ತಾರೆ. ತೋಟದ ಯಜಮಾನನಿಗೆ ನಷ್ಟ, ಆದರೆ ದಿನಗೂಲಿಯವನಿಗೆ ಹಸಿವು. ಮರುವರ್ಷವೂ, 2025ರ ಫೆಬ್ರುವರಿಯಲ್ಲಿ, ಹಿಮ ಸಾಲದೆ ಗುಲ್ಮಾರ್ಗಿನ ಖೇಲೋ ಇಂಡಿಯಾ ಕೂಟವನ್ನು ಮಾರ್ಚಿಗೆ ಮುಂದೂಡಿದರು. ಚಳಿಗಾಲಗಳು ಹದ ತಪ್ಪುತ್ತಿವೆ. ಆ ಊರಿನ ಒಬ್ಬೊಬ್ಬ ಕೂಲಿಯವನೂ ಅದನ್ನು ತನ್ನ ಅಡುಗೆಮನೆಯಲ್ಲಿ ಅಳೆದು ನೋಡಿದ್ದಾನೆ.

ಅದೇ ವರ್ಷದ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಗುಂಡಿಟ್ಟು ಕೊಂದರು. ನಮ್ಮ ಕರ್ನಾಟಕದ ಮನೆಗಳ ದೀಪಗಳೂ ಅಲ್ಲಿ ಆರಿದವು. ಪ್ರವಾಸಿಗರನ್ನು ಉಳಿಸಲು ಹೋದ ಅಲ್ಲಿಯದೇ ಕುದುರೆಯವನೊಬ್ಬನೂ ಅವರೊಂದಿಗೆ ಸತ್ತ. ಮರುದಿನ ಅತಿಥಿಗೃಹದವರು ಫೋನು ಮಾಡಿದರು. ಮಾತು ಹೆಚ್ಚು ಆಗಲಿಲ್ಲ. ಆ ಕಡೆಯಿಂದ ಅಳು ಕೇಳಿತು, ಈ ಕಡೆಯಲ್ಲಿ ನಾನೂ ಅತ್ತೆ. ಈಗ ಯಾರಾದರೂ ಗುಲ್ಮಾರ್ಗಿಗೆ ಹೋಗಬಹುದೇ ಎಂದು ಕೇಳಿದರೆ, ಹೊರಡುವ ಮೊದಲು ಅಲ್ಲಿಯ ಆಡಳಿತದ ಸೂಚನೆ ನೋಡಿ, ಪರಿಸ್ಥಿತಿ ವಿಚಾರಿಸಿ, ಮನೆಯವರೆಲ್ಲ ಒಪ್ಪಿದ ಮೇಲೆ ಹೋಗಿ ಎನ್ನುತ್ತೇನೆ. ಆ ಜನರ ಮೇಲಿನ ನನ್ನ ನಂಬಿಕೆ ಮಾತ್ರ ಕಡಿಮೆಯಾಗಿಲ್ಲ.

ಅಪ್ಪಯ್ಯ ಆರಿಸಿದ ಕಣಿವೆಯಲ್ಲಿ ತೋಟ ಇವತ್ತಿಗೂ ಹಸಿರಾಗಿದೆ. ಗಿಡ ನೆಟ್ಟದ್ದು ಒಂದು ಮಳೆಗಾಲದಲ್ಲಿ, ಜಾಗ ನೋಡಿದ್ದು ಒಂದು ವರ್ಷ. ಹಿಮದ ಊರಿಗೆ ಹೊರಡುವವರೂ ಅಷ್ಟು ತಾಳ್ಮೆಯಿಂದ ಜಾಗ ನೋಡಲಿ ಎಂಬುದು ನನ್ನ ಕೋರಿಕೆ. ತಿಂಗಳ ಮೊದಲೇ ದಿನಾಂಕವನ್ನು ಕಲ್ಲಿನಲ್ಲಿ ಕೊರೆಯಬೇಡಿ, ಹಿಮ ಬಿದ್ದ ಸುದ್ದಿಗೆ ಕಾಯಿರಿ. ಎತ್ತರದ ಅಂಕಿಗೆ ಮರುಳಾಗದೆ ನಿಮ್ಮ ಮೊಣಕಾಲಿಗೆ ಒಗ್ಗುವ ಇಳಿಜಾರು ಹುಡುಕಿ. ಕಾಲ ಕೆಳಗಿನ ನೆಲ ನೊಂದಿದೆಯೇ ಎಂದು ವಿಚಾರಿಸಿ. ಎರಡು ದಿನಕ್ಕೆ ನಾಲ್ಕು ಊರು ಸುತ್ತುವುದನ್ನು ಬಿಟ್ಟು ಒಂದೇ ಊರಿನಲ್ಲಿ ಒಂದು ವಾರ ಇರಿ. ಆ ಊರಿನ ಹುಡುಗನೊಬ್ಬನಿಂದ ಬೀಳುವುದನ್ನೂ ಏಳುವುದನ್ನೂ ಕಲಿಯಿರಿ. ಅವನು ಸಾಕು ಎಂದಲ್ಲಿ ನಿಲ್ಲಿ.